ಒಂಬತ್ತು ಪುತ್ತಳಿಗಳ ಬಗ್ಗೆ ನಾನು ಆಡಿದ ಮಾತು

ಬೆಳಕು ಎಡಗಡೆಯಿಂದ ಬೀಳಬೇಕು. ನಾಣ್ಯದ ಫೋಟೋ ತೆಗೆಯುವವರಿಗೆ ಹೇಳಿಕೊಡುವ ಮೊದಲ ಪಾಠ ಅದು. ಹಾಗಾಗಿ ಆ ಮನೆಗೆ ಹೋದ ಕೂಡಲೇ ನೀರು ಕುಡಿಯುವುದಕ್ಕೂ ಮುಂಚೆ ನಾನು ಪಡಸಾಲೆಯ ಚಾಪೆಯನ್ನು ಬಾಗಿಲ ಪಕ್ಕಕ್ಕೆ ದರದರ ಎಳೆದುಕೊಂಡೆ. ಬೇರೆಯವರ ಮನೆ ಎನ್ನುವ ಸಂಕೋಚವೂ ಇರಲಿಲ್ಲ ನನಗೆ. ಹತ್ತಾರು ಮನೆ ಸುತ್ತಿ, ಇಂಥ ಕೆಲಸದಲ್ಲಿ ನನ್ನನ್ನು ಬಿಟ್ಟರಿಲ್ಲ ಎನ್ನುವ ಕೊಬ್ಬು ಬಂದುಬಿಟ್ಟಿತ್ತು.

ತೊಂಡೇಬಾವಿಯಿಂದ ಮೂರು ಕಿಲೋಮೀಟರು ಒಳಗಿನ ಹಳ್ಳಿ, ಮೇ ತಿಂಗಳ ಬಿಸಿಲು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಮನೆಗಳಲ್ಲಿ ಹೆಂಗಸರ ಸರಗಳಲ್ಲಿ ಉಳಿದುಕೊಂಡಿರುವ ಹಳೆಯ ವಿದೇಶಿ ಚಿನ್ನದ ನಾಣ್ಯಗಳನ್ನು ಅಳೆದು, ಫೋಟೋ ತೆಗೆದು, ನಮೂನೆ ತುಂಬುವ ಯೋಜನೆಯೊಂದಕ್ಕೆ ನನ್ನನ್ನು ತೆಗೆದುಕೊಂಡಿದ್ದರು. ನಾನು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ರಜೆಯಲ್ಲಿ ಅತಿಥಿಗಳಿಗೆ ಕೆಲಸವಿರುವುದಿಲ್ಲ. ಹೆಂಗಸರ ಬೀರುವಿನೊಳಗಿನ ಒಡವೆ ನೋಡಲು ಹೆಂಗಸೇ ಬೇಕು ಎಂದು ಯೋಜನೆಯವರಿಗೂ ಬುದ್ಧಿ ಬಂದಿತ್ತು.

ಆ ಮನೆಯ ಸೊಸೆ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಯುರೋಪಿನವರು ಕಾಳುಮೆಣಸು ಹುಡುಕಿಕೊಂಡು ಸಮುದ್ರ ದಾಟಿ ಬಂದ ಪಾಠ ಮಾಡುವಾಗ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಒಂದು ನಾಣ್ಯದ ಚಿತ್ರ ಬರೆಯುತ್ತೇನೆ. ವೆನಿಸ್ ನಗರದ ಡ್ಯುಕಾಟ್. ಒಂದು ಮುಖದಲ್ಲಿ ಸಂತನೊಬ್ಬ ನಿಂತಿದ್ದಾನೆ, ಅವನ ಮುಂದೆ ಮಂಡಿಯೂರಿದ ದೊರೆ ಬಾವುಟದ ಕೋಲು ಹಿಡಿದಿದ್ದಾನೆ. ಆ ವ್ಯಾಪಾರಿಗಳ ಹಡಗಿನಲ್ಲಿ ನಮ್ಮವರಿಗೆ ಬೇಕಾದ ಸರಕು ಹೆಚ್ಚೇನೂ ಇರಲಿಲ್ಲ. ಮೆಣಸಿಗೆ ಬದಲು ಚಿನ್ನವನ್ನೇ ಸುರಿಯಬೇಕಿತ್ತು. ಹಾಗೆ ಬಂದ ನಾಣ್ಯ ಬಂದರಿನಿಂದ ಬಂದರಿಗೆ, ಸಂತೆಯಿಂದ ಸಂತೆಗೆ ಹತ್ತಿ ಇಳಿದು ಈ ಬಯಲುಸೀಮೆಯ ಹೆಂಗಸರ ಕೊರಳಿಗೆ ಬಂತು. ಬೊಂಬೆಯಿದ್ದದ್ದಕ್ಕೆ ಅದನ್ನು ಪುತ್ತಳಿ ಎಂದು ಕರೆದರು. "ನಿಮ್ಮಜ್ಜಿ ಸರದಲ್ಲಿ ಇದ್ದರೂ ಇರಬಹುದು, ಹೋಗಿ ನೋಡ್ರಮ್ಮಾ" ಎಂದು ನಾನು ಹೇಳುವುದು ವಾಡಿಕೆ. ಯಾರೂ ನೋಡುವುದಿಲ್ಲ. ಇವಳೊಬ್ಬಳು, ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ನನ್ನ ನಂಬರು ಹುಡುಕಿ ಫೋನು ಮಾಡಿದಳು. "ಮೇಡಂ, ನೀವು ಬೋರ್ಡ್ ಮೇಲೆ ಬರೀತಿದ್ರಲ್ಲ ಬೊಂಬೆ ಕಾಸು, ನಮ್ಮತ್ತೆ ಸರದಲ್ಲಿ ಇಪ್ಪತ್ತೊಂದೈತೆ!" ಎಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅತ್ತೆಯನ್ನು ಒಪ್ಪಿಸಿದ್ದೂ ಅವಳೇ. ಆ ಸರ ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬರುವ ವಸ್ತು, ಹೆಣ್ಣುಮಕ್ಕಳಿಗೆ ಅಲ್ಲ. ವರ್ಷಕ್ಕೊಂದು ಸಲ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಂಟುವಾಳದ ನೊರೆಯಲ್ಲಿ ತೊಳೆದು ಕಳಶಕ್ಕೆ ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಮತ್ತೆ ಬೀರುವಿಗೆ. ಮದುವೆಯಾಗಿ ಬಂದ ವರ್ಷದಿಂದ ಬೀರುವಿನ ಬೀಗದ ಕೈ ಸೊಸೆಯ ಸೊಂಟದಲ್ಲೇ ಇತ್ತು. ಅದು ಆ ಮನೆಯಲ್ಲಿ ದೊಡ್ಡ ಮರ್ಯಾದೆ.

ಅವತ್ತು ಪಡಸಾಲೆಯಲ್ಲಿ ನಾಲ್ವರು ಹೆಂಗಸರು. ನಾನು, ಸೊಸೆ, ಅತ್ತೆ, ಮತ್ತೆ ಬೇಸಿಗೆಗೆಂದು ತವರಿಗೆ ಬಂದಿದ್ದ ನಾದಿನಿ, ಸೊಸೆಯ ಗಂಡನ ಅಕ್ಕ. ಅತ್ತೆಗೆ ಎಪ್ಪತ್ತು ದಾಟಿರಬಹುದು, ಮಾತು ಕಮ್ಮಿ, ಕಣ್ಣು ಚುರುಕು. ನಾಣ್ಯಗಳನ್ನು ದಾರದಿಂದ ಬಿಡಿಸದೆ ತೂಗಲಾಗದು ಎಂದಾಗ ಆಕೆ ಬಹಳ ಹೊತ್ತು ಯೋಚಿಸಿ, "ಬರೀ ನೆಲಕ್ಕೆ ಇಡಬ್ಯಾಡಮ್ಮ" ಎಂದರು. ಸೊಸೆ ಹಿತ್ತಿಲಿನಿಂದ ಇಪ್ಪತ್ತೊಂದು ವೀಳ್ಯದೆಲೆ ಕಿತ್ತು ತಂದು ಸಾಲಾಗಿ ಹಾಸಿದಳು. ಒಂದೊಂದು ಎಲೆಯ ಮೇಲೆ ಒಂದೊಂದು ಪುತ್ತಳಿ. ನಾನು ಎಷ್ಟೋ ಮನೆಗಳಲ್ಲಿ ಈ ಕೆಲಸ ಮಾಡಿದ್ದೇನೆ, ಅಷ್ಟು ಚೆಂದ ಎಲ್ಲೂ ಕಂಡಿಲ್ಲ.

ಕೆಲಸ ಹೀಗೆ. ನಾಣ್ಯವನ್ನು ಮೊದಲು ತಕ್ಕಡಿಯಲ್ಲಿ ಹಾಗೇ ತೂಗಬೇಕು. ಆಮೇಲೆ ಎಳೆ ರೇಷ್ಮೆ ದಾರದಲ್ಲಿ ಕಟ್ಟಿ, ಲೋಟದ ನೀರಲ್ಲಿ ತಳ ಮುಟ್ಟದಂತೆ ಮುಳುಗಿಸಿ ಇನ್ನೊಮ್ಮೆ ತೂಗಬೇಕು. ಎರಡು ತೂಕದ ವ್ಯತ್ಯಾಸದಿಂದ ಮೊದಲ ತೂಕವನ್ನು ಭಾಗಿಸಿದರೆ ಚಿನ್ನದ ಹದ ತಿಳಿಯುತ್ತದೆ. ಅಪ್ಪಟವಾದರೆ ಹತ್ತೊಂಬತ್ತರ ಆಸುಪಾಸು ಬರಬೇಕು. ಗುಳ್ಳೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ. ಫ್ಯಾನು ತಿರುಗುತ್ತಿದ್ದರೂ ಕೆಡುತ್ತದೆ. ಫ್ಯಾನು ಆರಿಸಿಕೊಂಡು ನಾಲ್ವರೂ ಬೆವರಿ ನೀರಾದೆವು.

ಮೊದಲ ಆರು ನಾಣ್ಯ ಹತ್ತೊಂಬತ್ತರ ಹತ್ತಿರವೇ ನಿಂತವು. ಏಳನೆಯದು ಹದಿನೈದೂವರೆ. ಗುಳ್ಳೆ ಇರಬೇಕೆಂದು ದಾರ ಅಲ್ಲಾಡಿಸಿ ಮತ್ತೆ ತೂಗಿದೆ. ಅಷ್ಟೇ. ಎಂಟನೆಯದು ಸರಿಯಿತ್ತು, ಒಂಬತ್ತನೆಯದು ಮತ್ತೆ ಹದಿನೈದು. ಕೊನೆಗೆ ಎಣಿಸಿದರೆ ಇಪ್ಪತ್ತೊಂದರಲ್ಲಿ ಒಂಬತ್ತು ಕಲಬೆರಕೆ ಚಿನ್ನ. ಭೂತಗನ್ನಡಿ ಹಿಡಿದು ನೋಡಿದೆ. ಆ ಒಂಬತ್ತರಲ್ಲಿ ಅಂಚಿನ ಅಕ್ಷರಗಳು ಅಕ್ಷರಗಳೇ ಅಲ್ಲ, ಬರೀ ಗೀಟು. ಸಂತನ ಕೈ ಕಡ್ಡಿಯಂತಿತ್ತು.

"ಇವು ಒಂಬತ್ತು ಅಸಲಿ ಅಲ್ಲ" ಎಂದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಅದನ್ನು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನಾದಿನಿ ಮುಂದಕ್ಕೆ ಬಾಗಿದಳು. "ಅಂದ್ರೆ? ಯಾರಾನ ಬದಲಾಯ್ಸವ್ರಾ ಮೇಡಂ?"

"ಅದು ನಂಗೆ ಗೊತ್ತಿಲ್ಲಮ್ಮ."

"ಹಳೇವಾ, ಹೊಸವಾ? ಅಷ್ಟಾದ್ರೂ ಹೇಳ್ಬೋದಲ್ಲ ನೀವು, ಓದ್ದೋರು."

ಓದಿದವಳು! ಅಷ್ಟು ಸಾಕಾಯಿತು ನನಗೆ. ಅಸಲಿ ನಾಣ್ಯಗಳಲ್ಲಿ ಸಂತನ ಮೂಗು ಬಾಯಿ ಸವೆದು ನುಣ್ಣಗಾಗಿದ್ದವು. ಈ ಒಂಬತ್ತರಲ್ಲಿ ಗೀಟುಗಳು ಮೊನ್ನೆ ಕೊರೆದಂತೆ ಚೂಪಾಗಿದ್ದವು. ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದೆ. "ಇದು ನೋಡಿ, ಎಷ್ಟು ಸವೆದಿದೆ. ಇದು ಸವೆದೇ ಇಲ್ಲ. ತೀರಾ ಹಳೇದೇನಲ್ಲ ಅನ್ಸುತ್ತೆ."

ನಾದಿನಿ ಸೊಸೆಯ ಸೊಂಟದ ಕಡೆ ನೋಡಿದಳು, ಬೀಗದ ಕೈ ಇರುವ ಕಡೆ. ಆಮೇಲೆ ಮೆಲ್ಲಗೆ ಅಂದಳು, "ಎರಡು ವರ್ಷದ ಕೆಳಗೆ ದಾರ ಹಳೇದಾಗೈತೆ ಅಂತ ಶಿಡ್ಲಘಟ್ಟಕ್ಕೆ ತಗೊಂಡೋಗಿದ್ದು ಯಾರಮ್ಮಾ? ಒಬ್ಳೇ ಅಲ್ವಾ ಹೋಗಿದ್ದು? ತವರು ಮನೆ ಪಕ್ಕದ ಆಚಾರಿ ಹತ್ರ ಅಲ್ವಾ ಪೋಣಿಸಿದ್ದು?"

ಸೊಸೆ ನನ್ನ ಮುಖ ನೋಡಿದಳು. ಅವಳ ಅತ್ತೆಯದ್ದಲ್ಲ, ನಾದಿನಿಯದ್ದಲ್ಲ, ನನ್ನ ಮುಖ. ನಾನೇನು ಮಾಡಿದೆ ಗೊತ್ತೇ? ನಮೂನೆ ತುಂಬತೊಡಗಿದೆ. ಮನೆಯ ವಿಷಯದಲ್ಲಿ ನಾನು ತಲೆ ಹಾಕಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ತಲೆ ಹಾಕಿ ಆಗಿತ್ತು. ಅತ್ತೆ ಒಂದೊಂದೇ ಪುತ್ತಳಿ ಎತ್ತಿ ದಾರಕ್ಕೆ ಪೋಣಿಸುತ್ತಾ ಬಂದರು. ಸರ ಮುಗಿದ ಮೇಲೆ ಸೊಸೆಯ ಕಡೆ ನೋಡದೆ ಕೈ ಚಾಚಿದರು. "ಬೀಗದ ಕೈ ಕೊಡು."

ಹದಿನೈದು ದಿನವಾದ ಮೇಲೆ ಅವಳು ಫೋನು ಮಾಡಿದಳು. ದನಿ ಬಹಳ ಸಣ್ಣಗಿತ್ತು. "ಮೇಡಂ, ನೀವು ಅವತ್ತು ಹೇಳಿದ್ದು ಖಾತ್ರಿನಾ? ಇನ್ನೊಂದ್ ಸಲ ಬಂದು ನೋಡ್ತೀರಾ?"

ಅವಳು ಇಷ್ಟೇ ಕೇಳಿದ್ದು. ನಾನು ಅವತ್ತು ಪೆರೇಸಂದ್ರದ ಮನೆಯೊಂದರ ಫೋಟೋಗಳು ಮಸುಕಾಗಿದ್ದಕ್ಕೆ ಸಿಡಿಮಿಡಿಗೊಂಡು ಕೂತಿದ್ದೆ. ನನ್ನ ಕೆಲಸವನ್ನೇ ಅನುಮಾನಿಸುತ್ತಾಳಲ್ಲ ಎಂದು ಸಿಟ್ಟು ಬಂತು. "ಅಳತೆ ಸುಳ್ಳು ಹೇಳಲ್ಲಮ್ಮ. ಮೂರು ಮೂರು ಸಲ ತೂಗಿದ್ದೀನಿ. ನಿಮ್ಮ ಮನೇದು ನೀವು ನೀವು ಕೂತು ಮಾತಾಡ್ಕೊಳ್ಳಿ" ಎಂದು ಇಟ್ಟುಬಿಟ್ಟೆ. ಜೂನ್ ತಿಂಗಳಲ್ಲಿ ಅವಳು ಶಿಡ್ಲಘಟ್ಟದ ಅಣ್ಣನ ಮನೆಗೆ ಹೋದಳೆಂದು ಅವಳ ಜೊತೆ ಓದಿದವಳೊಬ್ಬಳಿಂದ ತಿಳಿಯಿತು. ಕಳಿಸಿದರೋ, ಅವಳೇ ಹೋದಳೋ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಐದನೆಯ ಕ್ಲಾಸಿಗೆ ಸೇರಬೇಕಿದ್ದ ಮಗಳನ್ನು ಆ ಮನೆಯವರು ಅವಳ ಜೊತೆ ಕಳಿಸಲಿಲ್ಲ ಎನ್ನುವುದು ಮಾತ್ರ ಗೊತ್ತಿತ್ತು.

ಜುಲೈ ಕೊನೆಗೆ ಚಿಂತಾಮಣಿಯ ಒಂದು ಮನೆ. ಮಾತೆಲ್ಲ ಅರ್ಧ ತೆಲುಗು. ಯಜಮಾನರು ಮರದ ಪೆಟ್ಟಿಗೆಯಿಂದ ಕೆಂಪು ಬಟ್ಟೆಯ ಗಂಟೊಂದನ್ನು ತೆಗೆದರು. "ಚೂಡಮ್ಮಾ, ಇದು ನಮ್ಮ ತಾತನ ತಾಯೀದು. ಆಯಮ್ಮ ಹೋದ್ಮೇಲೆ ಯಾರೂ ಹಾಕ್ಕೊಂಡಿಲ್ಲ, ಬಿಚ್ಚೂ ಇಲ್ಲ." ದಾರ ಮುಟ್ಟಿದರೆ ಪುಡಿಯಾಗುವಷ್ಟು ಹಳತು. ನಾಲ್ಕು ಪುತ್ತಳಿ ಅಪ್ಪಟ, ಎರಡು ಹದಿನೈದೂವರೆ. ಆ ಎರಡರಲ್ಲೂ ಅಕ್ಷರದ ಬದಲು ಗೀಟು, ಸಂತನ ಕೈ ಕಡ್ಡಿ. ಗೀಟುಗಳು ಮೊನ್ನೆ ಕೊರೆದಂತೆ ಚೂಪು.

ಸಂತನ ಭುಜದಿಂದ ಬಾವುಟದ ತುದಿಯವರೆಗೆ ಓರೆಯಾಗಿ ಒಂದು ಸಣ್ಣ ಉಬ್ಬುಗೆರೆ ಇತ್ತು. ನಾಣ್ಯ ಒತ್ತುವ ಅಚ್ಚು ಬಿರುಕು ಬಿಟ್ಟರೆ, ಆ ಬಿರುಕು ಪ್ರತಿ ನಾಣ್ಯದ ಮೇಲೂ ಹೀಗೇ ಉಬ್ಬಾಗಿ ಮೂಡುತ್ತದೆ. ಅದನ್ನು ನಾನು ಎಲ್ಲಿ ನೋಡಿದ್ದೇನೆಂದು ನನಗೆ ಗೊತ್ತಿತ್ತು. ಅಲ್ಲೇ ಚಾಪೆಯ ಮೇಲೆ ಕೂತು ಮೊಬೈಲಿನಲ್ಲಿ ಮೇ ತಿಂಗಳ ಫೋಟೋಗಳನ್ನು ತೆಗೆದೆ. ತೊಂಡೇಬಾವಿ ಕಡೆಯ ಆ ಒಂಬತ್ತರಲ್ಲಿ ಐದರ ಮೇಲೆ ಅದೇ ಗೆರೆ, ಅದೇ ಭುಜ, ಅದೇ ಓರೆ. ಒಂದೇ ಅಚ್ಚು. ತಲೆಮಾರುಗಳಿಂದ ಗಂಟು ಬಿಚ್ಚದ ಚಿಂತಾಮಣಿಯ ಪೆಟ್ಟಿಗೆಯಲ್ಲಿದ್ದದ್ದನ್ನು ಎರಡು ವರ್ಷದ ಹಿಂದೆ ಶಿಡ್ಲಘಟ್ಟದಲ್ಲಿ ಮಾಡಿಸಲು ಹೇಗೆ ಸಾಧ್ಯ?

ಮನೆಗೆ ಬಂದು ಊಟವನ್ನೂ ಮಾಡದೆ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ದಾರ ಪೋಣಿಸಲು ನಾಣ್ಯದ ತಲೆಗೆ ಬೆಸೆದ ಪುಟ್ಟ ಕೊಂಡಿ ಇರುತ್ತದಲ್ಲ, ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಇಪ್ಪತ್ತೊಂದು ಕೊಂಡಿಗಳೂ ದಾರ ತಿಕ್ಕಿದ ಜಾಗದಲ್ಲಿ ಒಂದೇ ಸಮ ಸವೆದು ತಂತಿಯಷ್ಟು ತೆಳ್ಳಗಾಗಿದ್ದವು. ಒಟ್ಟಿಗೆ ತೂಗಾಡಿವೆ, ಒಟ್ಟಿಗೆ ಸವೆದಿವೆ. ಮುಖ ಮಾತ್ರ ಯಾಕೆ ಸವೆದಿಲ್ಲ? ತಾಮ್ರ ಬೆರೆತ ಚಿನ್ನ ಗಟ್ಟಿ. ಅಪ್ಪಟ ಚಿನ್ನ ಮೆದು, ವರ್ಷ ವರ್ಷ ಅಂಟುವಾಳ ಹಾಕಿ ಉಜ್ಜಿದರೆ ಸಂತನ ಮೂಗು ಹೋಗುತ್ತದೆ. ಕಲಬೆರಕೆಯದ್ದು ಹಾಗೇ ನಿಲ್ಲುತ್ತದೆ. ಇದನ್ನು ಯಾವ ಆಚಾರಿಯಾದರೂ ಹೇಳುತ್ತಿದ್ದ.

ಮರುದಿನ ಯೋಜನೆಯ ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಆ ನಾಣ್ಯಕ್ಕೆ ಇಲ್ಲಿ ಎಷ್ಟು ನಂಬಿಕೆ ಇತ್ತಂದ್ರೆ, ಹಡಗಿನಲ್ಲಿ ಬಂದದ್ದು ಸಾಲದೆ ನಮ್ಮವರೇ ಅಚ್ಚು ಕೊರೆದು ಹೊಡೀತಿದ್ರು. ಅಕ್ಷರ ಬರ್ತಿರ್ಲಿಲ್ಲ, ಗೀಟು ಹಾಕ್ತಿದ್ರು. ನಿಮಗೆ ಗೊತ್ತಿರೋದೇ ಅಲ್ವಾ?" ಗೊತ್ತಿತ್ತು. ಪಾಠ ಮಾಡಿದ್ದೆ. ಪರೀಕ್ಷೆಗೆ ಪ್ರಶ್ನೆಯನ್ನೂ ಹಾಕಿದ್ದೆ, ಐದು ಅಂಕಕ್ಕೆ. ಆ ಪಡಸಾಲೆಯಲ್ಲಿ ಆ ಐದು ಅಂಕದ ಉತ್ತರ ನನ್ನ ತಲೆಗೆ ಹೊಳೆಯಲಿಲ್ಲ. "ನಮೂನೆ ತಿದ್ದಿ ಕಳಿಸಿ. ಮನೆಯವರ ವ್ಯವಹಾರ ನಮಗ್ಯಾಕೆ? ನಾಳೆ ಕೇಸು ಗೀಸು ಅಂತ ಬಂದ್ರೆ ಯೋಜನೆಗೇ ಕುತ್ತು" ಎಂದರು ಅವರು.

ನಮೂನೆ ತಿದ್ದಲು ಎರಡು ನಿಮಿಷ ಸಾಕಾಯಿತು. ಆಮೇಲೆ ನಾಲ್ಕೈದು ದಿನ ನಾನು ಯಾವ ಮನೆಗೂ ಹೋಗಲಿಲ್ಲ. ಅನ್ನ ಸೇರಲಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೆ ಹೆದರಿದೆ ಎಂದೇ ಹೇಳಬೇಕು, ಬೇರೆ ಮಾತಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಏನಾದರಾಗಲಿ, ಬೈಸಿಕೊಂಡಾದರೂ ಬರುತ್ತೇನೆಂದು ಫೋಟೋಗಳ ಪ್ರಿಂಟು ಹಾಕಿಸಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅವಳ ಅಣ್ಣನದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಗೂಡು ಬೇಯುವ ವಾಸನೆ ಬೀದಿಗೇ ಹೊಡೆಯುತ್ತಿತ್ತು. ಅವಳು ಒಳಗೆ ಗೂಡಿನ ರಾಶಿಯ ಮುಂದೆ ಕೂತು, ಕಲೆ ಬಿದ್ದದ್ದನ್ನೂ ಜೋಡಿ ಗೂಡನ್ನೂ ಆರಿಸಿ ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ಎದ್ದದ್ದು ಅಭ್ಯಾಸಬಲ, ಕ್ಲಾಸಿನಲ್ಲಿ ಏಳುತ್ತಿದ್ದ ಹಾಗೆ. ಬಹಳ ಇಳಿದುಹೋಗಿದ್ದಳು. ನಾನು ಎಲ್ಲ ಹೇಳಿದೆ, ಬಿರುಕು, ಕೊಂಡಿ, ತಾಮ್ರ ಎಲ್ಲ. ಫೋಟೋ ತೋರಿಸಿದೆ. ಅವಳು ಮತ್ತೆ ಕೂತು ಗೂಡು ಆರಿಸುತ್ತಾ ಕೇಳಿದಳು. ನಾನು "ನನ್ನದು ದೊಡ್ಡ ತಪ್ಪಾಯ್ತಮ್ಮ" ಎಂದು ಅತ್ತೇಬಿಟ್ಟೆ. ಅವಳು ಅಳಲಿಲ್ಲ.

"ಇದನ್ನ ನಂಗ್ಯಾಕೆ ಹೇಳ್ತೀರ ಮೇಡಂ? ನಾನು ಕದ್ದಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲ."

ಕಲೆ ಬಿದ್ದ ಗೂಡೊಂದನ್ನು ಬುಟ್ಟಿಗೆ ಹಾಕಿ ಅವಳೇ ಮುಂದುವರಿಸಿದಳು.

"ಎಲ್ಲಿ ಕೂತ್ಕೊಂಡು ಆ ಮಾತು ಅಂದ್ರೋ ಅಲ್ಲೇ ಹೋಗಿ ಇದನ್ನೂ ಹೇಳಿ. ನಮ್ಮತ್ತೆ ಇದ್ದಾಗ ಹೇಳಿ. ಅವ್ರು ಕೆಟ್ಟೋರಲ್ಲ ಮೇಡಂ. ಹನ್ನೆರಡು ವರ್ಷ ನಂಗೆ ತಾಯಿ ಇದ್ದಂಗೆ ಇದ್ರು. ನೀವು ಓದ್ದೋರು ಅಂದಿದ್ದಕ್ಕೆ ನಂಬುದ್ರು. ಈಗ್ಲೂ ನಂಬ್ತಾರೆ."

"ನೀನೂ ಬಾಮ್ಮ, ಜೊತೇಲೇ ಹೋಗಣ."

"ಇಲ್ಲ. ಕರೆದ್ರೆ ಬರ್ತೀನಿ." ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಹಬ್ಬಕ್ಕೆ ಮುಂಚೆ ಹೇಳಿ ಮೇಡಂ" ಎಂದಳು.

ಹಬ್ಬಕ್ಕೆ ಎಂಟು ದಿನವಿತ್ತು. ಮರುದಿನವೇ ಹೋದೆ. ಅದೇ ಪಡಸಾಲೆ, ಅದೇ ಚಾಪೆ. ಅತ್ತೆಯ ಮಗ, ಅಂದರೆ ಅವಳ ಗಂಡ, ಮನೆಯಲ್ಲಿದ್ದ. ಗೌರಿಬಿದನೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಅವತ್ತು ರಜೆ. ನಾದಿನಿ ತನ್ನೂರಿಗೆ ಹೋಗಿದ್ದಳು. ಅತ್ತೆ ಕಂಬಕ್ಕೆ ಒರಗಿ ಅವರೆಕಾಳು ಹಸನು ಮಾಡುತ್ತಿದ್ದರು. ನಾನು ಪೀಠಿಕೆ ಹಾಕಲಿಲ್ಲ. "ಅಮ್ಮಾ, ಅವತ್ತು ನಾನು ಹೇಳಿದ್ದು ತಪ್ಪು. ಆ ಒಂಬತ್ತೂ ಹಳೇವೇ. ಯಾರೂ ಬದಲಾಯ್ಸಿಲ್ಲ. ನಿಮ್ಮ ಸೊಸೆದು ಏನೂ ತಪ್ಪಿಲ್ಲ" ಎಂದು ಫೋಟೋಗಳನ್ನು ಮುಂದಿಟ್ಟೆ. ಸಾಕ್ಷಿ ಬೇಕೆಂದರೆ ಸರ ತನ್ನಿ, ಕೊಂಡಿಗಳನ್ನು ಇಲ್ಲೇ ತೋರಿಸುತ್ತೇನೆ ಎಂದೆ.

ಅತ್ತೆ ಮಗನ ಮುಖ ನೋಡಿದರು. ಮಗ ನೆಲ ನೋಡಿದ.

"ಸರ ಇಲ್ಲ ಮೇಡಂ" ಎಂದ. "ಕಲಬೆರಕೆದು, ಕದ್ದು ಸೇರ್ಸಿದ್ದು, ಅಂಥದ್ದನ್ನ ಕಳಶಕ್ಕೆ ಹಾಕಬಾರ್ದು ಅಂತ ಅಕ್ಕ ಅಂದ್ಳು. ಹೋದ ತಿಂಗ್ಳು ಎಲ್ಲಾನೂ ಕರಗ್ಸಿ ಎರಡು ಚೈನ್ ಮಾಡ್ಸುದ್ವಿ. ಅಕ್ಕಂಗೊಂದು, ನಮ್ಮ ಮಗ್ಳಿಗೊಂದು."

ಇಪ್ಪತ್ತೊಂದೂ! ವೆನಿಸಿನಿಂದ ಬಂದ ಹನ್ನೆರಡು, ಇಲ್ಲಿಯದೇ ಒಂಬತ್ತು. ಮೂಸೆಯಲ್ಲಿ ಒಂದಾಗಿದ್ದವು. ಈ ಲೋಕದಲ್ಲಿ ಆ ಸರದ ಗುರುತು ಅಂತ ಇದ್ದದ್ದು ನನ್ನ ಕೈಯಲ್ಲಿದ್ದ ಪ್ರಿಂಟುಗಳು ಮಾತ್ರ.

ಅತ್ತೆ ಒಂದು ಫೋಟೋ ಎತ್ತಿಕೊಂಡು ದೂರ ಹಿಡಿದು ನೋಡಿದರು. "ಹಂಗಾದ್ರೆ ನಾನು ಕರಗ್ಸಿದ್ದು ನಮ್ಮತ್ತೆ ಸರಾನೇನಾ?"

"ಹೂಂ ಅಮ್ಮಾ."

"ಅಯ್ಯೋ ದೇವುಡಾ... ಸಾಯೋವಾಗ ಕೈಯಾಗೆ ಇಟ್ಟು ಹೋಗಿದ್ಲಲ್ಲೋ. ನಮ್ಮತ್ತೆ ಕೈಯಾರ ತೊಳೆದಿದ್ದು, ಅವರತ್ತೆ ತೊಳೆದಿದ್ದು... ಈ ಕೈಯಲ್ಲೇ ಕೊಟ್ನಲ್ಲೋ ಬೆಂಕಿಗೆ!" ಆಕೆ ಹಣೆ ಚಚ್ಚಿಕೊಂಡು ಅತ್ತರು. ಮೊರದ ಅವರೆಕಾಳು ಚಾಪೆಯ ತುಂಬ ಚೆಲ್ಲಿತು. ಮಗ ತಾಯಿಯ ಕೈ ಹಿಡಿದುಕೊಂಡ. ಅಕ್ಕನಿಗೆ ಫೋನು ಹಚ್ಚಿದ. ಅವಳು ಫೋನಿನಲ್ಲೇ ನನ್ನ ಜನ್ಮ ಜಾಲಾಡಿದಳು. ಬೈಯಲಿ, ನಾನು ಅದಕ್ಕೇ ಹೋಗಿದ್ದು. ಆಮೇಲೆ ಅವಳೂ ಅತ್ತಳು. ಕರಗಿಸಿದ ಆಚಾರಿ ಒಂದಾದರೂ ಉಳಿಸಿಕೊಂಡಿರಬಹುದಾ, ಕೇಳಿ ನೋಡು ಎಂದಳು. ಮಗ ಆಚಾರಿಗೂ ಫೋನು ಮಾಡಿದ. ಉಳಿದಿರಲಿಲ್ಲ.

ನಾನು ಕಾದೆ. ಒಂದು ಗಂಟೆಯೇ ಕಾದಿರಬೇಕು. ಎದ್ದಾಗ ಅತ್ತೆ ತಲೆಯೆತ್ತಿ ನೋಡಿದರು. "ಎಲ್ಡು ಸಲ ಬಂದೆ ನಮ್ಮನೆಗೆ. ಎಲ್ಡು ಸಲಾನೂ ಒಂದೊಂದು ಕಿತ್ಕೊಂಡೇ ಹೋದೆ. ಇನ್ ಬರಬ್ಯಾಡ ಕಣಮ್ಮ." ಮಗ ಗೇಟಿನವರೆಗೂ ಬಂದ. ಏನೋ ಕೇಳುತ್ತಾನೆಂದುಕೊಂಡೆ. "ಆ ಫೋಟೋ ಒಂದ್ಸಲ ವಾಟ್ಸಾಪ್ ಮಾಡಿ ಮೇಡಂ, ಫ್ರೇಮ್ ಹಾಕ್ಸಣ" ಎಂದ.

ತೊಂಡೇಬಾವಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಅಂಗಡಿಯವನು ಕೊಟ್ಟ ಟೀ ಕೈಯಲ್ಲೇ ಆರಿಹೋಗಿತ್ತು. ಮೊಬೈಲು ಬಡಿದುಕೊಂಡಿತು. ಅವಳೇ.

"ಹೇಳಿದ್ರಾ ಮೇಡಂ?"

"ಹೇಳಿದೆ ಕಣಮ್ಮ. ನಂಬಿದ್ರು."

ಉಸಿರು ಬಿಟ್ಟದ್ದು ಕೇಳಿಸಿತು. "ಏನಂದ್ರು?"

"ಸರ ಕರಗ್ಸಿಬಿಟ್ಟಿದ್ದಾರಮ್ಮ. ಎಲ್ಲ ಹೋಯ್ತು. ನಿಮ್ಮತ್ತೆ ತುಂಬಾ ಅತ್ರು..."

"ಸರದ್ದಲ್ಲ ಮೇಡಂ." ಅವಳು ತಡೆದಳು. ಹಿಂದೆ ನೂಲಿನ ಯಂತ್ರ ತಿರುಗುವ ಸದ್ದು ಬರುತ್ತಿತ್ತು. "ನನ್ನ ಬಗ್ಗೆ ಏನಂದ್ರು?"

ಆ ಒಂದು ಗಂಟೆಯನ್ನು ಮೊದಲಿಂದ ಕೊನೆಯವರೆಗೂ ನೆನಪು ಮಾಡಿಕೊಂಡೆ. ಅತ್ತೆ, ಮಗ, ಫೋನಿನಲ್ಲಿ ನಾದಿನಿ. ಒಬ್ಬರ ಬಾಯಲ್ಲಾದರೂ ಅವಳ ಹೆಸರು ಬಂದಿತ್ತಾ ಎಂದು ಹುಡುಕಿದೆ. ಒಂದು ಸುಳ್ಳು ಹೇಳಿಬಿಡೋಣ ಅನಿಸಿತು. ಕರೆದುಕೊಂಡು ಬಾ ಅಂದರು ಎಂದುಬಿಟ್ಟರೆ ಅವಳು ಸಂಜೆಯ ಬಸ್ಸಿಗೇ ಹೊರಟುಬಿಡುತ್ತಿದ್ದಳು. ಹೋಗಿ ಆ ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಏನೂ ಅನ್ಲಿಲ್ಲಮ್ಮ" ಎಂದೆ.

ಯಂತ್ರದ ಸದ್ದು ಹಾಗೇ ಬರುತ್ತಿತ್ತು. ಅವಳು ಇಟ್ಟುಬಿಟ್ಟಳೇನೋ ಎಂದುಕೊಂಡು ಎರಡು ಸಲ ಹಲೋ ಅಂದೆ.

"ಸರಿ ಮೇಡಂ" ಎಂದಳು. "ಬಸ್ಸು ಸಿಕ್ತಾ? ಹುಷಾರಾಗಿ ಹೋಗಿ."